ಸೀಮೆಸುಣ್ಣದ ತೀರ್ಪು

ಗುರುವಾರ ಸಿನಿಮಾ ಬದಲಾಗುತ್ತದೆ.
ಹೊರಗಿನ ಕರಿಹಲಗೆಯ ಮೇಲೆ ಎರಡು ಸಾಲಿನ ತೀರ್ಪು
ಬರೆಯುವುದು ನನ್ನ ಕೆಲಸ,
ಟಿಕೆಟ್ಟು ಹರಿಯುವುದರ ಜೊತೆಗೆ, ಅದೇ ಸಂಬಳದಲ್ಲಿ.
ಮಾಲೀಕ ಪ್ರೊಕೊಲೊ ಹೇಳುತ್ತಾನೆ:
"ಸುಳ್ಳು ಬರೆಯಬೇಡ ಒಲಿಂಪಿಯಾ,
ಜನ ಒಳಗೆ ಬರುವಷ್ಟು ನಿಜ ಬರೆ, ಸಾಕು."

ಈ ವಾರದ್ದು ಲೋಕ ಮುಳುಗುವ ಕಥೆ.
ಮುಳುಗುವುದಲ್ಲ, ತೇಲುವುದು:
ಭೂಮಿಯ ಸೆಳೆತ ದಿನಕ್ಕಿಷ್ಟು ಸಡಿಲವಾಗಿ
ಮೊದಲು ಚಮಚ, ಆಮೇಲೆ ಬೆಕ್ಕು,
ಆಮೇಲೆ ಒಂದು ಮಧ್ಯಾಹ್ನ
ಕೊಲ್ಲಿಯ ನೀರೆಲ್ಲ ಹಾಸಿಗೆ ಬಿಟ್ಟು ಎದ್ದು ಕೂರುತ್ತದೆ
ನಿದ್ದೆಗಣ್ಣಿನ ಮಗುವಿನ ಹಾಗೆ.
ಇಲ್ಲಿಯವರೆಗೆ ಚೆನ್ನ. ಚೆನ್ನವೇನು, ಬಹಳ ಚೆನ್ನ.
ಬೆಕ್ಕು ಸೂರಿಗೆ ಬೆನ್ನು ಕೊಟ್ಟು ಕೆಳಗೆ ನೋಡುವಾಗ
ಮೂರನೇ ಸಾಲಿನ ಮೀನು ಮಾರುವ ಹೆಂಗಸು
ತನ್ನ ಕೈಚೀಲ ಗಟ್ಟಿ ಹಿಡಿದುಕೊಂಡಳು.

ಮಧ್ಯಂತರದ ನಂತರ ಏನಾಯಿತೋ.
ಜನರಲ್ಲುಗಳು ಬಂದರು. ನಕ್ಷೆ ಬಂತು.
ಬೆಟ್ಟ ಅಗೆದು ಒಳಗೆ ಬಾಂಬು ಇಳಿಸಿದರು,
ಇಲಿಯೂ ಸಿಗಲಿಲ್ಲ.
ಒಬ್ಬ ಅಧ್ಯಕ್ಷ ಭಾಷಣ ಮಾಡಿದ, ಇನ್ನೊಬ್ಬ ಅಧ್ಯಕ್ಷ ಅತ್ತ.
ಲೆಕ್ಕಕ್ಕೆ ಸಿಗದ ವಿಜ್ಞಾನಕ್ಕೆ
ಹಸಿರು ಅಂಕಿಗಳ ಒಗ್ಗರಣೆ.
ಊರಿಗೆ ಊರೇ ತೇಲುತ್ತಿದ್ದರೂ ನಾಯಕನ ಕೂದಲು ಮಾತ್ರ
ಬಾಚಿದಲ್ಲೇ ಇತ್ತು.

ಇಲ್ಲಿ ಥಿಯೇಟರಿಗೆ ಥಿಯೇಟರೇ ನಕ್ಕಿತು.
ನಮ್ಮವರಿಗೆ ಹೇಳಬೇಕೆ?
ನಾವು ಮಡಿಲಲ್ಲಿ ಕೆಂಡ ಕಟ್ಟಿಕೊಂಡವರು.
ಪೊತ್ಸುವೊಲಿಯ ನೆಲ ಉಸಿರು ಒಳಗೆಳೆದುಕೊಳ್ಳುತ್ತಲೇ ಇದೆ,
ತಿಂಗಳಿಗೆ ಒಂದು ಬೆರಳಗಲ.
ಬಂದರಿನ ತಳ ಮೇಲೆ ಬಂದು
ದೋಣಿಗಳು ಕೆಸರಲ್ಲಿ ಮಗ್ಗುಲಾಗಿ ಮಲಗಿವೆ.
ಹಳೇ ಸಂತೆಕಟ್ಟೆಯ ಮೂರು ಅಮೃತಶಿಲೆಯ ಕಂಬಗಳಿಗೆ
ಸೊಂಟದ ಮೇಲೆ ಕಡಲಜೀವಿ ಕೊರೆದ ತೂತು:
ಮುಳುಗಿದ್ದೆವು, ಎದ್ದೆವು, ಮತ್ತೆ ಏಳುತ್ತಿದ್ದೇವೆ.
ಕಾಲ ಕೆಳಗಿನದು ಕೈಕೊಟ್ಟರೆ ಹೇಗೆಂದು
ಹಾಲಿವುಡ್ಡು ನಮಗೆ ಹೇಳಿಕೊಡಬೇಕಿಲ್ಲ.

ಇರಲಿ. ನಾಯಕನ ವಿಷಯ.
ಲೈಲ್ ಹಾರ್‌ಗ್ರೋವ್. ಅರವತ್ತು ದಾಟಿರಬೇಕು,
ಗದ್ದ ಮಾತ್ರ ನಲವತ್ತರದ್ದು.
"ನಾಲ್ಕೇ ನಿಮಿಷ ಉಳಿದಿದೆ" ಎಂಬುದನ್ನು
ಇನ್ನೊಂದು ಕಾಫಿ ಕೊಡಿ ಎಂಬಂತೆ ಹೇಳಿದ.
ಹಾಗೆಂದೇ ಬರೆಯಲು ಸೀಮೆಸುಣ್ಣ ಎತ್ತಿದೆ.
ಕೈ ನಿಂತಿತು.
ಆ ದನಿ ಅವನದಲ್ಲವಲ್ಲ!
ರೋಮಿನ ಯಾವುದೋ ಕತ್ತಲೆ ಕೋಣೆಯಲ್ಲಿ
ಯಾರೋ ನೆಗಡಿಯಾದವನು ಇಟಾಲಿಯನ್ನಿನಲ್ಲಿ ಹೇಳಿದ್ದು.
ಇಪ್ಪತ್ತೆರಡು ವರ್ಷದಿಂದ ನಾನು
ಒಬ್ಬರ ಗಂಟಲಿನ ತಪ್ಪಿಗೆ ಇನ್ನೊಬ್ಬರ ತುಟಿಯನ್ನು
ದೂರುತ್ತ ಬಂದಿದ್ದೇನೆ.

ಹಾಗಾದರೆ ಆ ಮನುಷ್ಯನದೆಂದು ಏನುಳಿಯಿತು?
ಬೆನ್ನು. ಕೈ.

ಎರಡನೇ ಆಟಕ್ಕೆ ಮತ್ತೆ ಹೋಗಿ ಹಿಂದೆ ನಿಂತೆ.
ಅಡುಗೆಮನೆಯ ದೃಶ್ಯ.
ಮನೆ ಬುಡಸಮೇತ ಕಿತ್ತು ಏಳುತ್ತಿದೆ,
ಮಗಳು ಕಿರುಚುತ್ತಿದ್ದಾಳೆ, ಬಾಗಿಲಾಚೆ ಹೆಲಿಕಾಪ್ಟರು.
ಅವನು ಓಡುತ್ತಾನೆ. ನಿಲ್ಲುತ್ತಾನೆ.
ತಿರುಗಿ ಬಂದು, ನಮಗೆ ಬೆನ್ನು ಹಾಕಿ,
ಒಲೆಯ ಕಿವಿ ಹಿಂಡಿ ಉರಿ ಆರಿಸುತ್ತಾನೆ.
ಕ್ಯಾಮೆರಾ ಅದನ್ನು ಗಮನಿಸುವುದೂ ಇಲ್ಲ,
ಅದಕ್ಕೆ ಹೆಲಿಕಾಪ್ಟರಿನದೇ ಧ್ಯಾನ.

ಆಗ ಯಾರೂ ನಗಲಿಲ್ಲ.
ನಡುಕ ಬಂದಾಗ ನಾವು ದೇವರನ್ನು ಕರೆಯುವುದು ಆಮೇಲೆ,
ಮೊದಲು ಗ್ಯಾಸು.
ಎಂಬತ್ತಮೂರರಲ್ಲಿ ಅಮ್ಮ ತಮ್ಮನನ್ನು ಕಂಕುಳಲ್ಲಿ ಅವುಚಿಕೊಂಡು
ಎರಡು ಮಹಡಿ ಇಳಿದವಳು ಮತ್ತೆ ಹತ್ತಿದ್ದು ಅದಕ್ಕೇ.
ಮೇಲೆ ಕಡಲೆ ಕುದಿಯುತ್ತಿತ್ತಂತೆ, ತನ್ನ ಪಾಡಿಗೆ.
ಆ ಕಡಲೆಯ ಮೇಲೆ ಅವಳಿಗೆ ಇಂದಿಗೂ ಸಿಟ್ಟು.

ಅವನಿಗೆ ಯಾರು ಹೇಳಿಕೊಟ್ಟರು?
ನಿರ್ದೇಶಕನಂತೂ ಅಲ್ಲ.
ಅಷ್ಟು ತಿಳಿದವನಾಗಿದ್ದರೆ ಬಾಂಬು ಇರುತ್ತಿರಲಿಲ್ಲ.

ಕಡೆಗೆ ಬರೆದೆ:
"ಮೊದಲರ್ಧ ನೋಡಿ.
ಉಳಿದರ್ಧ ಸಹಿಸಿಕೊಳ್ಳಿ, ಒಲೆ ಆರಿಸುವವರೆಗೆ."
ಪ್ರೊಕೊಲೊ ಓದಿ
"ಇದು ಹೊಗಳಿದ್ದೋ, ಬೈದದ್ದೋ?" ಎಂದ.
ಗೊತ್ತಿಲ್ಲ ಎಂದೆ. ಅವನೂ ಅಳಿಸಲಿಲ್ಲ.

ಶುಕ್ರವಾರ ಹದಿನೆಂಟು ಟಿಕೆಟ್ಟು ಹರಿದೆ.
ಮಧ್ಯಂತರದಲ್ಲೇ ಏಳು ಜನ ಹೊರಟುಹೋದರು.
ಮೀನು ಮಾರುವ ಹೆಂಗಸು ಮತ್ತೆ ಬಂದಿದ್ದಳು.
ಬೆಕ್ಕಿಗಾಗಿ, ಎಂದಳು.